ಸೂಜಿಯ ಖರ್ಚು, ಸೊಂಟದ ಲೆಕ್ಕ

ಬೆನ್ನು ನೋವಿಗೆ ಮಾಡಿಸುವ ಅಕ್ಯುಪಂಕ್ಚರ್‌ನಲ್ಲಿ ಸೂಜಿಗೆ ತಗಲುವ ಖರ್ಚು ತೀರ ಕಡಿಮೆ. ಚುಚ್ಚುವವರು ಯಾರು, ನೋವು ಎಷ್ಟು ತಿಂಗಳಿನದು, ಆ ದೇಶದ ವಿಮೆ ಅದನ್ನು ಯಾವ ಹೆಸರಿನಲ್ಲಿ ಒಪ್ಪುತ್ತದೆ ಎಂಬುದರ ಮೇಲೆ ಬಿಲ್ಲು ಏರುತ್ತದೆ ಇಲ್ಲವೇ ಸೊನ್ನೆಗಿಳಿಯುತ್ತದೆ. ಜರ್ಮನಿಯಲ್ಲಿ ಇದು ಎದ್ದು ಕಾಣುತ್ತದೆ. ಅಲ್ಲಿನ ಶಾಸನಬದ್ಧ ಆರೋಗ್ಯ ವಿಮೆ 2007ರ ಜನವರಿ 1ರಿಂದ ಎರಡೇ ನೋವುಗಳಿಗೆ ಅಕ್ಯುಪಂಕ್ಚರ್ ವೆಚ್ಚ ಭರಿಸುತ್ತಿದೆ. ಒಂದು ಕೆಳಬೆನ್ನಿನ ಹಳೆಯ ನೋವು, ಇನ್ನೊಂದು ಮಂಡಿ ಸವೆತದ ನೋವು. ನೋವು ಕನಿಷ್ಠ ಆರು ತಿಂಗಳು ಕಾಡಿರಬೇಕು. ಚುಚ್ಚುವವರು ವಿಮೆಯ ವ್ಯವಸ್ಥೆಯೊಳಗಿನ ವೈದ್ಯರೇ ಆಗಿದ್ದು, ಅಕ್ಯುಪಂಕ್ಚರ್‌ನಲ್ಲಿ ಹೆಚ್ಚುವರಿ ಅರ್ಹತೆ ಪಡೆದಿರಬೇಕು. ಸಾಮಾನ್ಯವಾಗಿ ಹತ್ತು ಸಲ, ಕಾರಣವಿದ್ದರೆ ಹದಿನೈದು ಸಲ ಮಾಡಿಸಿಕೊಳ್ಳಬಹುದು.

ಈ ಅಂಕಣಕಾರ ಮಾಲೂರು ತಾಲ್ಲೂಕಿನ ಶಿವಾರಪಟ್ಟಣದ ಶಿಲ್ಪಿಗಳ ಮನೆಯವರು. ಉದ್ಯೋಗಕ್ಕೆಂದು ಜರ್ಮನಿಯಲ್ಲಿದ್ದಾಗ, 2019ರಲ್ಲಿ, ಅವರ ಸೊಂಟ ಹಿಡಿದುಕೊಂಡಿತು. ನೋವು ಶುರುವಾಗಿ ನಾಲ್ಕು ತಿಂಗಳಾಗಿದ್ದಾಗ ಮನೆಯ ಹತ್ತಿರದ ಒಂದು ಚಿಕಿತ್ಸಾಲಯಕ್ಕೆ ಹೋದರು. ಅಲ್ಲಿದ್ದವರು ವೈದ್ಯರಲ್ಲ. ಸರ್ಕಾರದ ಪರವಾನಗಿಯಿದ್ದು ಪರ್ಯಾಯ ಚಿಕಿತ್ಸೆ ನೀಡುವ ‘ಹೈಲ್‌ಪ್ರಾಕ್ಟಿಕರ್’ ವರ್ಗದವರು. ಒಂದು ಸಲಕ್ಕೆ 60 ಯೂರೋದಂತೆ ಆರು ಸಲಕ್ಕೆ 360 ಯೂರೋ ಮುಂಗಡ ಕಟ್ಟಿಸಿಕೊಂಡರು. ಆಗಿನ ದರದಲ್ಲಿ ಅದು 28 ಸಾವಿರ ರೂಪಾಯಿ ಮೀರುತ್ತಿತ್ತು. ವಿಮೆಗೆ ಬಿಲ್ಲು ಕಳಿಸಿದರೆ ಒಂದು ಪೈಸೆಯೂ ವಾಪಸ್ ಬರಲಿಲ್ಲ. ಚಿಕಿತ್ಸೆ ಕೊಟ್ಟವರು ವೈದ್ಯರಲ್ಲ, ನೋವಿಗೆ ಆರು ತಿಂಗಳಾಗಿಲ್ಲ ಎಂಬ ಎರಡು ಕಾರಣ ಅದಕ್ಕೆ ಸಾಕಾಯಿತು. ಮುಂದೆ ಆರು ತಿಂಗಳು ತುಂಬಿದ ಮೇಲೆ ಅರ್ಹ ವೈದ್ಯರೊಬ್ಬರಲ್ಲಿ ಹತ್ತು ಸಲ ಅದೇ ಚಿಕಿತ್ಸೆ ನಡೆಯಿತು. ಕೈಯಿಂದ ಏನೂ ಹೋಗಲಿಲ್ಲ.

ಚಿಕಿತ್ಸೆ ಎರಡೂ ಕಡೆ ಒಂದೇ ತೆರನಾಗಿತ್ತು. ಬೋರಲು ಮಲಗಿಸಿ, ಸೊಂಟದಲ್ಲಿ, ಮಂಡಿಯ ಹಿಂದೆ, ಹಿಮ್ಮಡಿಯ ಪಕ್ಕದಲ್ಲಿ ಕೂದಲೆಳೆಯಷ್ಟು ಸಣ್ಣ ಸೂಜಿಗಳನ್ನು ಇಳಿಸುತ್ತಾರೆ. ಇರುವೆ ಕಚ್ಚಿದಷ್ಟೇ ನೋವು, ಆಮೇಲೆ ಒಳಗೆಲ್ಲೋ ಜೋಮು ಹಿಡಿದ ಭಾರ. ಅರ್ಧ ಗಂಟೆಯ ನಂತರ ನರ್ಸ್ ಒಂದೊಂದನ್ನೇ ಕಿತ್ತು, ಎಣಿಸಿ, ಗಟ್ಟಿ ಡಬ್ಬಿಯೊಳಗೆ ಹಾಕುತ್ತಾರೆ. ಒಮ್ಮೆ ಬಳಸಿದ ಸೂಜಿ ಮತ್ತೆ ಹೊರಬರುವುದಿಲ್ಲ.

ನೋವು ಅರ್ಧಕ್ಕರ್ಧ ಇಳಿಯಿತು. ಇಳಿಸಿದ್ದು ಸೂಜಿಯೇ ಎಂದು ಹೇಳುವುದು ಕಷ್ಟ. ಜರ್ಮನಿಯಲ್ಲೇ 1,162 ಬೆನ್ನು ನೋವಿನ ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರು ತಿಂಗಳ ನಂತರ ಗುಣ ಕಂಡವರು ನಿಜವಾದ ಅಕ್ಯುಪಂಕ್ಚರ್ ಗುಂಪಿನಲ್ಲಿ ಶೇ 47.6. ಶಾಸ್ತ್ರದ ಬಿಂದುಗಳನ್ನು ಬಿಟ್ಟು ಬೇರೆಲ್ಲೋ ಮೇಲಮೇಲೆ ಚುಚ್ಚಿಸಿಕೊಂಡವರಲ್ಲಿ ಶೇ 44.2. ಔಷಧ, ವ್ಯಾಯಾಮದಂಥ ರೂಢಿಯ ಚಿಕಿತ್ಸೆಯಲ್ಲಿ ಶೇ 27.4. ಸೂಜಿ ಚುಚ್ಚಿಸಿಕೊಂಡವರಿಗೆ ಹೆಚ್ಚು ಉಪಶಮನ ಸಿಕ್ಕಿದ್ದು ನಿಜ, ಆದರೆ ಎಲ್ಲಿ ಚುಚ್ಚಿದರು ಎಂಬುದರಿಂದ ದೊಡ್ಡ ವ್ಯತ್ಯಾಸವಾಗಲಿಲ್ಲ. ಇಂಥ ಪುರಾವೆಗಳನ್ನು ದೇಶಗಳು ಬೇರೆ ಬೇರೆಯಾಗಿ ಓದಿಕೊಂಡಿವೆ. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ 2009ರಲ್ಲಿ ಕೆಳಬೆನ್ನಿನ ನೋವಿಗೆ ಅಕ್ಯುಪಂಕ್ಚರ್ ಶಿಫಾರಸು ಮಾಡಿ, 2016ರಲ್ಲಿ ಬೇಡವೆಂದಿತು. ಅಮೆರಿಕದಲ್ಲಿ ಹಿರಿಯರಿಗಿರುವ ಸರ್ಕಾರಿ ವಿಮೆ ಮೆಡಿಕೇರ್ 2020ರ ಜನವರಿಯಲ್ಲಿ ಒಪ್ಪಿಕೊಂಡಿತು. ಅದು 90 ದಿನಗಳಲ್ಲಿ 12 ಸಲಕ್ಕೆ ದುಡ್ಡು ಕೊಡುತ್ತದೆ. ಸುಧಾರಣೆ ಕಂಡರೆ ಇನ್ನೂ 8 ಸಲ, ವರ್ಷಕ್ಕೆ 20ಕ್ಕಿಂತ ಹೆಚ್ಚಿಲ್ಲ. ಸುಧಾರಣೆ ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಬೇಕು. ಈ ಕೊನೆಯ ಷರತ್ತು ವಿಮೆ ಇಲ್ಲದವರಿಗೂ ಉಪಯೋಗಕ್ಕೆ ಬರುವಂಥದ್ದು.

ಭಾರತದಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ 2019ರ ಫೆಬ್ರುವರಿಯಲ್ಲಿ ಅಕ್ಯುಪಂಕ್ಚರ್‌ಗೆ ಸ್ವತಂತ್ರ ಚಿಕಿತ್ಸಾ ವಿಧಾನವೆಂಬ ಮಾನ್ಯತೆ ಕೊಟ್ಟಿತು. ಮಾನ್ಯತೆ ಬಂದರೂ ವಿಮೆಯ ಹಣ ಅದರ ಹಿಂದೆ ಬರಲಿಲ್ಲ. ಇಲ್ಲಿನ ಸಾಮಾನ್ಯ ಆರೋಗ್ಯ ಪಾಲಿಸಿಗಳು ಆಸ್ಪತ್ರೆಯಲ್ಲಿ ದಾಖಲಾದವರಿಗಾಗಿ ಇರುವಂಥವು. ಮಲಗಿ, ಚುಚ್ಚಿಸಿಕೊಂಡು, ಎದ್ದು ಮನೆಗೆ ಹೋಗುವ ಚಿಕಿತ್ಸೆ ಅವುಗಳ ಲೆಕ್ಕಕ್ಕೆ ಬರುವುದಿಲ್ಲ.

ಶಿವಾರಪಟ್ಟಣದಲ್ಲಿ ಬೆನ್ನು ನೋವು ಕಸುಬಿನ ಜೊತೆಗೇ ಬರುತ್ತದೆ. ಕಲ್ಲನ್ನು ನೆಲದ ಮೇಲೆ ಮಲಗಿಸಿ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಎಡಗೈಯಲ್ಲಿ ಉಳಿ, ಬಲಗೈಯಲ್ಲಿ ಸುತ್ತಿಗೆ ಹಿಡಿದು ಬೆಳಗಿನಿಂದ ಸಂಜೆಯವರೆಗೆ ಬಗ್ಗಿರುವುದು ಅಲ್ಲಿನ ನಿತ್ಯದ ಕೆಲಸ. ದೇವರ ಕಣ್ಣು, ಬೆರಳು, ಒಡವೆಯ ಕುಸುರಿ ಬಂದಾಗ ಮುಖ ಕಲ್ಲಿಗೆ ಇನ್ನೂ ಹತ್ತಿರವಾಗುತ್ತದೆ, ಬೆನ್ನು ಇನ್ನೂ ಬಾಗುತ್ತದೆ. ಗ್ರೈಂಡರ್ ಬಂದ ಮೇಲೆ ಕೈಗೆ ಶ್ರಮ ಕಡಿಮೆಯಾಗಿದೆ, ಸೊಂಟಕ್ಕೆ ಅಷ್ಟಾಗಿ ಅಲ್ಲ. ಈ ಊರಿನ ವಿಗ್ರಹಗಳು ಹೊರದೇಶದ ದೇವಸ್ಥಾನಗಳಿಗೂ ಹೋಗುತ್ತವೆ. ಕೆತ್ತಿದವರ ಬೆನ್ನಿನ ಖರ್ಚು ಮಾತ್ರ ಊರಿನಲ್ಲೇ ಉಳಿಯುತ್ತದೆ.

ಆ ಖರ್ಚಿನಲ್ಲಿ ಚಿಕಿತ್ಸೆಯ ಶುಲ್ಕ ಸಣ್ಣ ಭಾಗ. ದಿನದ ದುಡಿಮೆ 1,000 ರೂಪಾಯಿ, ಒಂದು ಸಲದ ಅಕ್ಯುಪಂಕ್ಚರ್ 600 ರೂಪಾಯಿ ಎಂದಿಟ್ಟುಕೊಳ್ಳೋಣ. ಅದಕ್ಕಾಗಿ ಮಾಲೂರಿನಿಂದ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಬಂದರೆ ಅಂದಿನ ಕೆಲಸ ಹೋಯಿತು. ಹತ್ತು ಸಲಕ್ಕೆ ಶುಲ್ಕ 6,000, ಕಳೆದ ದುಡಿಮೆ 10,000. ಮುಂಗಡ ಪಡೆದ ವಿಗ್ರಹ ತಡವಾದರೆ ಆಗುವ ನಷ್ಟ ಬೇರೆ. ಜರ್ಮನಿಯಲ್ಲಿ ಕಾಯಿಲೆ ಬಿದ್ದ ನೌಕರನಿಗೆ ಮೊದಲ ಆರು ವಾರ ಮಾಲೀಕನೇ ಪೂರ್ತಿ ಸಂಬಳ ಕೊಡಬೇಕು, ಆನಂತರ ವಿಮೆ ಒಟ್ಟು ಸಂಬಳದ ಸುಮಾರು ಶೇ 70 ಕೊಡುತ್ತದೆ. ಅಂಕಣಕಾರರ ಬೆನ್ನಿಗೆ ಹತ್ತು ಸಲದ ಸೂಜಿಗಿಂತ ಈ ನಿಯಮದಿಂದ ಸಿಕ್ಕ ಮೂರು ವಾರದ ವಿಶ್ರಾಂತಿಯೇ ಹೆಚ್ಚು ನೆರವಾಗಿರಬಹುದು. ಭಾರತದಲ್ಲಿ ಇಎಸ್‌ಐ ಅಡಿ ಇರುವ ಕಾರ್ಮಿಕರಿಗೆ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇ 70 ಸಿಗುತ್ತದೆ. ಸ್ವಂತ ಕೊಟ್ಟಿಗೆಯಲ್ಲಿ ಕೆತ್ತುವ ಶಿಲ್ಪಿಗೆ ಆ ಆಸರೆಯೂ ಇಲ್ಲ.

ಹಾಗಾಗಿ ಶಿಲ್ಪಿಯ ಮನೆಯಲ್ಲಿ ಮೊದಲು ಬೇಕಾದದ್ದು ಒಂದು ತಿಂಗಳ ದುಡಿಮೆಯಷ್ಟು ಕೂಡಿಟ್ಟ ಹಣ. ಪ್ರತಿ ವಿಗ್ರಹದ ಮುಂಗಡದಿಂದ ಸ್ವಲ್ಪ ತೆಗೆದು ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಇಟ್ಟರೆ ಅದು ಬೆಳೆಯುತ್ತದೆ. ಎರಡನೆಯದು, ಕಲ್ಲನ್ನು ಸೊಂಟದೆತ್ತರಕ್ಕೆ ಏರಿಸುವ ಕಬ್ಬಿಣದ ಸ್ಟ್ಯಾಂಡ್ ಮತ್ತು ಚೈನ್ ಪುಲ್ಲಿ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಶಿಲ್ಪಿಗಳೂ ಕಲ್ಲುಕುಟಿಗರೂ ಸೇರಿದ್ದಾರೆ. ಅದರಲ್ಲಿ ಸಲಕರಣೆಗೆ 15,000 ರೂಪಾಯಿವರೆಗೆ ನೆರವಿದೆ. ಶೇ 5ರ ಬಡ್ಡಿಯಲ್ಲಿ ಮೊದಲ ಕಂತು 1 ಲಕ್ಷ, ಆಮೇಲೆ 2 ಲಕ್ಷ ಸಾಲವೂ ಇದೆ. ಬೆನ್ನು ಉಳಿಸುವ ಸ್ಟ್ಯಾಂಡಿಗೆ ಹಾಕಿದ ದುಡ್ಡು ಬೆನ್ನು ಕೆಟ್ಟ ಮೇಲೆ ಸುರಿಯುವ ದುಡ್ಡಿಗಿಂತ ಕಡಿಮೆ.

ಇಷ್ಟಾದ ಮೇಲೂ ಅಕ್ಯುಪಂಕ್ಚರ್ ಮಾಡಿಸಿ ನೋಡುವ ಮನಸ್ಸಿದ್ದರೆ ತಪ್ಪೇನಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ 2023ರ ಡಿಸೆಂಬರ್‌ನಲ್ಲಿ, ದೀರ್ಘಕಾಲದ ಕೆಳಬೆನ್ನಿನ ನೋವಿಗೆ ಷರತ್ತಿನೊಂದಿಗೆ ಅದನ್ನು ಸೂಚಿಸಿದೆ. ಕಾಲು ಮರಗಟ್ಟುತ್ತಿದ್ದರೆ, ಕಾಲಿನ ಶಕ್ತಿ ಕುಂದಿದ್ದರೆ, ಮೂತ್ರದ ಹಿಡಿತ ತಪ್ಪಿದ್ದರೆ ಸೂಜಿಯ ಮಾತು ಬಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಉಳಿದವರು ಹತ್ತು ಸಲದ ಹಣವನ್ನು ಒಟ್ಟಿಗೆ ಕಟ್ಟಬೇಡಿ. ಪ್ರತಿ ಸಲವೂ ಹೊಸ ಸೂಜಿಯ ಪೊಟ್ಟಣ ನಿಮ್ಮ ಕಣ್ಣೆದುರೇ ಒಡೆಯಲಿ. ಐದಾರು ಸಲದ ಮೇಲೂ ಮೊದಲಿಗಿಂತ ಅರ್ಧ ಗಂಟೆ ಹೆಚ್ಚು ಕೂತು ಉಳಿ ಹಿಡಿಯಲಾಗದಿದ್ದರೆ ಅಲ್ಲಿಗೇ ನಿಲ್ಲಿಸಿ.