ಶಬ್ದದಿಂದ ಕಂಡ ಕಡಲತಳ: ಫೈರ್ ಐಲೆಂಡಿನ ಮರಳಿನ ಲೆಕ್ಕ

ಕನ್ನಡದಲ್ಲಿ ‘ಶಬ್ದ’ವೆಂಬ ಮಾತು ಸದ್ದು ಮತ್ತು ಪದ ಎಂಬ ಎರಡು ಅರ್ಥಗಳಲ್ಲಿಯೂ ರೂಢಿಯಲ್ಲಿದೆ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಶಬ್ದವನ್ನು ಒಂದು ದ್ರವ್ಯವೆಂದೂ ಅದರ ಬಣ್ಣ ಬಿಳುಪೆಂದೂ ಹೇಳಿರುವುದು ವ್ಯಾಕರಣದ ವಿದ್ಯಾರ್ಥಿಗಳಿಗೆ ಪರಿಚಿತ. ಶಬ್ದವನ್ನು ಪುದ್ಗಲವೆಂದು ಎಣಿಸುವ ಜೈನದರ್ಶನ ಆ ಮಾತಿನ ಹಿನ್ನೆಲೆಯಲ್ಲಿದೆ. ಆಧುನಿಕ ಭೌತವಿಜ್ಞಾನದ ದೃಷ್ಟಿಯಲ್ಲಿ ಶಬ್ದವು ದ್ರವ್ಯದ ಮೂಲಕ ಸಾಗುವ ಒತ್ತಡದ ತರಂಗ. ದ್ರವ್ಯದ ಆಶ್ರಯವಿಲ್ಲದೆ ಸಾಗಲಾರದ ಕಾರಣ ಅದು ತಾನು ಹಾದುಬಂದ ದ್ರವ್ಯದ ಗುರುತನ್ನು ಹೊತ್ತು ತರುತ್ತದೆ. ಕಡಲತಳದ ಭೂರಚನೆಯನ್ನು ಅರಿಯುವ ಇಂದಿನ ಮುಖ್ಯ ವಿಧಾನ ಈ ಗುಣವನ್ನೇ ಆಧರಿಸಿದೆ. ಆ ವಿಧಾನದ ಶಕ್ತಿಯನ್ನೂ ಮಿತಿಯನ್ನೂ ಒಟ್ಟಿಗೆ ತೋರಿಸಬಲ್ಲ ನಿದರ್ಶನವೊಂದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಫೈರ್ ಐಲೆಂಡಿನಲ್ಲಿ ದೊರೆಯುತ್ತದೆ.

ತೆರೆದ ಕಡಲಿಗೂ ಮುಖ್ಯ ಭೂಭಾಗಕ್ಕೂ ನಡುವೆ, ದಡಕ್ಕೆ ಸಮಾನಾಂತರವಾಗಿ ಹಬ್ಬಿದ, ಉದ್ದವಾದ ಕಿರಿದಾದ ಮರಳಿನ ನೆಲವನ್ನು ಭೂವಿಜ್ಞಾನದಲ್ಲಿ ತಡೆದ್ವೀಪವೆನ್ನಬಹುದು. ಅದರ ಮುಂಬದಿಯಲ್ಲಿ ಕಡಲ ಅಲೆ, ಹಿಂಬದಿಯಲ್ಲಿ ಹಿನ್ನೀರು, ತುದಿಗಳಲ್ಲಿ ನೀರು ಒಳಹೊರಗೆ ಹರಿದಾಡುವ ಅಳಿವೆ. ಕರ್ನಾಟಕದ ಕರಾವಳಿಯಲ್ಲಿ ಒಂದು ತುದಿ ನೆಲಕ್ಕೆ ಅಂಟಿಕೊಂಡ, ಇದೇ ಜಾತಿಯ ಮರಳ ನಾಲಗೆಗಳಿವೆ. ಮಂಗಳೂರಿನ ಅಳಿವೆಯ ಬಳಿಯ ಬೆಂಗ್ರೆ, ಉಡುಪಿ ಜಿಲ್ಲೆಯ ಕೋಡಿಬೆಂಗ್ರೆ ಇಂಥವು. ‘ಕೋಡಿ’, ‘ಬೆಂಗ್ರೆ’ ಎಂಬ ಮಾತುಗಳು ಅಲ್ಲಿನ ಊರ ಹೆಸರುಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಬೆಸ್ತರ ಬಾಯಲ್ಲಿ ‘ಅಳಿವೆ’ಯಂಥ ಸೊಗಸಾದ ಮಾತು ಇರುವಾಗ ವಿಜ್ಞಾನ ಲೇಖಕರು ಅದಕ್ಕಾಗಿ ಸಂಸ್ಕೃತ ಸಮಾಸವನ್ನು ಟಂಕಿಸಲು ಹೊರಡುವುದು ಅನಗತ್ಯ ಶ್ರಮವೇ ಸರಿ.

ಫೈರ್ ಐಲೆಂಡ್ ಲಾಂಗ್ ಐಲೆಂಡಿನ ದಕ್ಷಿಣದ ದಡದುದ್ದಕ್ಕೆ ಸುಮಾರು ೫೦ ಕಿ.ಮೀ. ಚಾಚಿಕೊಂಡಿದೆ. ಹೆಚ್ಚಿನ ಕಡೆಗಳಲ್ಲಿ ಅದರ ಅಗಲ ಒಂದು ಕಿ.ಮೀ.ಗಿಂತ ಕಡಿಮೆ. ಪೂರ್ವದ ತುದಿಯಲ್ಲಿ ಮೊರಿಚಸ್ ಅಳಿವೆ, ಪಶ್ಚಿಮದಲ್ಲಿ ಫೈರ್ ಐಲೆಂಡ್ ಅಳಿವೆ. ೧೯೬೪ರಲ್ಲಿ ಇಲ್ಲಿನ ಕಡಲತೀರವನ್ನು ರಾಷ್ಟ್ರೀಯ ಸಂರಕ್ಷಿತ ತೀರವೆಂದು ಘೋಷಿಸಲಾಯಿತು. ಅದರ ಗಡಿಯೊಳಗೆ ಜನವಸತಿಗಳೂ ಇವೆ. ಅಲೆಗಳು ಓರೆಯಾಗಿ ಬಂದು ಬಡಿಯುವುದರಿಂದ ದಡದ ಮರಳು ಪೂರ್ವದಿಂದ ಪಶ್ಚಿಮಕ್ಕೆ ಸಾಗುತ್ತದೆ. ಇದಕ್ಕೆ ದೀಪಸ್ತಂಭವೇ ಸಾಕ್ಷಿ. ೧೮೨೬ರಲ್ಲಿ ದ್ವೀಪದ ಪಶ್ಚಿಮ ತುದಿಯ ಬಳಿ ಮೊದಲ ದೀಪಸ್ತಂಭ ಕಟ್ಟಲ್ಪಟ್ಟಿತು. ಅದೇ ಆವರಣದಲ್ಲಿ ೧೮೫೮ರಲ್ಲಿ ಎದ್ದ ಎರಡನೆಯ ಸ್ತಂಭ ಇಂದಿಗೂ ನಿಂತಿದೆ. ಆದರೆ ದ್ವೀಪದ ತುದಿ ಅಲ್ಲಿಂದ ೭ ಕಿ.ಮೀ.ಗೂ ಹೆಚ್ಚು ಪಶ್ಚಿಮಕ್ಕೆ ಬೆಳೆದುಹೋಗಿದೆ.

ಈ ಬೆಳವಣಿಗೆಗೆ ಬೇಕಾದ ಮರಳು ಎಲ್ಲಿಂದ ಬಂತು? ಪೂರ್ವದಿಂದ ದಡದುದ್ದಕ್ಕೆ ಸಾಗಿಬರುವ ಮರಳನ್ನು ಲೆಕ್ಕಹಾಕಿದರೆ ಅದು ಪಶ್ಚಿಮದಲ್ಲಿ ಕೂಡಿಕೊಂಡ ಮರಳಿಗೆ ಸಾಲದು. ವರ್ಷಕ್ಕೆ ಸರಾಸರಿ ೨,೦೦,೦೦೦ ಘನ ಮೀಟರಿನಷ್ಟು ಮರಳು ಬೇರೆಲ್ಲಿಂದಲೋ ಬರಬೇಕು. ಪೂರ್ವದ ದಡದ ಕೊರೆತ, ಮನುಷ್ಯರು ತಂದು ಸುರಿದ ಮರಳು, ಕಡಲತಳದಿಂದ ದಡದತ್ತ ಸರಿದುಬಂದ ಮರಳು ಎಂಬ ಮೂರು ಮೂಲಗಳನ್ನು ವಿದ್ವಾಂಸರೂ ಎಂಜಿನಿಯರರೂ ದಶಕಗಳ ಕಾಲ ಚರ್ಚಿಸುತ್ತ ಬಂದರು. ಮೂರನೆಯ ಮೂಲ ನಿಜವೆಂದಾದರೆ ಅದರ ಪರಿಣಾಮ ದೊಡ್ಡದು. ಕೊರೆದುಹೋದ ದಡವನ್ನು ತುಂಬಿಸಲು ಹತ್ತಿರದ ಕಡಲತಳದಿಂದಲೇ ಮರಳನ್ನು ಬಾಚಿ ತರುವುದು ಅಲ್ಲಿನ ರೂಢಿ. ದಡವನ್ನು ತಾನಾಗಿಯೇ ಪೋಷಿಸುತ್ತಿರುವ ಮರಳನ್ನು ಹೀಗೆ ಬಾಚಿದರೆ ಅದು ಬಿತ್ತನೆಯ ಬೀಜವನ್ನು ಕುಟ್ಟಿ ಉಂಡಂತಾಗುತ್ತದೆ.

ಕಡಲತಳವನ್ನು ನೋಡಲು ಬೆಳಕು ಉಪಯೋಗಕ್ಕೆ ಬಾರದು. ದಡದ ಸಮೀಪದ ಕದಡಿದ ನೀರಿನಲ್ಲಿ ಕೆಲವು ಮೀಟರುಗಳಾಚೆ ಅದು ಕಾಣಿಸದು. ರೇಡಿಯೋ ತರಂಗವನ್ನು ಉಪ್ಪುನೀರು ಹೀರಿಬಿಡುತ್ತದೆ. ಶಬ್ದ ಮಾತ್ರ ನೀರಿನಲ್ಲಿ ಗಾಳಿಯಲ್ಲಿರುವುದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗದಿಂದ ಸಾಗುತ್ತದೆ. ೧೮೨೬ರಲ್ಲಿ ಕೊಲಾಡಾನ್ ಮತ್ತು ಸ್ಟರ್ಮ್ ಎಂಬ ವಿಜ್ಞಾನಿಗಳು ಜಿನೀವಾ ಸರೋವರದಲ್ಲಿ ಎರಡು ದೋಣಿಗಳನ್ನು ದೂರದೂರ ನಿಲ್ಲಿಸಿ, ಒಂದರ ಬಳಿ ನೀರಿನೊಳಗೆ ಗಂಟೆ ಬಾರಿಸಿ, ಅದೇ ಕ್ಷಣದಲ್ಲಿ ಮದ್ದು ಹೊತ್ತಿಸಿ, ಬೆಳಕು ಕಂಡುದಕ್ಕೂ ಸದ್ದು ಕೇಳಿದುದಕ್ಕೂ ನಡುವಿನ ಕಾಲವನ್ನು ಅಳೆದು ಈ ವೇಗವನ್ನು ನಿರ್ಣಯಿಸಿದ್ದರು. ಕಡಲನೀರಿನಲ್ಲಿ ಅದು ಸೆಕೆಂಡಿಗೆ ಸುಮಾರು ೧,೫೦೦ ಮೀಟರ್. ಇಪ್ಪತ್ತು ಮೀಟರ್ ಆಳದ ತಳಕ್ಕೆ ಹೋದ ಸದ್ದು ಸೆಕೆಂಡಿನ ಸಾವಿರದಲ್ಲಿ ೨೭ ಭಾಗದಷ್ಟು ಕಾಲದಲ್ಲಿ ಮಾರ್ದನಿಯಾಗಿ ಹಿಂದಿರುಗುತ್ತದೆ.

ಸದ್ದೆಲ್ಲವೂ ತಳದಲ್ಲಿಯೇ ತಿರುಗಿ ಬರುವುದಿಲ್ಲ. ಸಾಂದ್ರತೆ ಮತ್ತು ಶಬ್ದವೇಗಗಳ ಗುಣಲಬ್ಧ ಎಲ್ಲಿ ಬದಲಾಗುವುದೋ ಅಲ್ಲಿ ಸ್ವಲ್ಪಾಂಶ ಹಿಂದಿರುಗಿ ಉಳಿದುದು ಕೆಳಕ್ಕಿಳಿಯುತ್ತದೆ. ಸಡಿಲ ಮರಳಿನ ಕೆಳಗೆ ಜಲ್ಲಿ, ಅದರ ಕೆಳಗೆ ಗಟ್ಟಿ ಜೇಡಿ ಇದ್ದರೆ ಒಂದೊಂದು ಸಂಧಿಯೂ ತನ್ನದೇ ಮಾರ್ದನಿಯನ್ನು ಕಳುಹಿಸುತ್ತದೆ. ದೋಣಿ ಮುಂದೆ ಸಾಗುತ್ತ ಸೆಕೆಂಡಿಗೆ ಹಲವು ಬಾರಿ ಸದ್ದು ಹೊರಡಿಸಿದಂತೆ ಈ ಮಾರ್ದನಿಗಳು ಒತ್ತೊತ್ತಾಗಿ ಕೂಡಿ ಪದರಗಳ ಅಡ್ಡಕೊಯ್ತದ ಚಿತ್ರವಾಗುತ್ತವೆ. ಇಲ್ಲಿ ಒಂದು ತೊಡಕಿದೆ. ಕೆಳಶ್ರುತಿಯ ಸದ್ದು ಆಳಕ್ಕೆ ಇಳಿಯುತ್ತದೆ, ಆದರೆ ತೆಳುಪದರಗಳನ್ನು ಬಿಡಿಸಿ ತೋರಿಸದು. ಮೇಲುಶ್ರುತಿಯದು ಬಿಡಿಸಿ ತೋರಿಸುತ್ತದೆ, ಆದರೆ ಬೇಗನೆ ಸೋಲುತ್ತದೆ. ‘ಚರ್ಪ್’ ಎಂಬ ಉಪಕರಣ ಹಕ್ಕಿಯ ಚಿಲಿಪಿಲಿಯಂತೆ ಕೆಳಶ್ರುತಿಯಿಂದ ಮೇಲುಶ್ರುತಿಗೆ ಏರುವ ಸದ್ದನ್ನು ಹೊರಡಿಸಿ, ಹಿಂದಿರುಗಿದುದನ್ನು ಮೂಲದೊಡನೆ ತಾಳೆನೋಡಿ ಈ ತೊಡಕನ್ನು ಬಹುಮಟ್ಟಿಗೆ ಪರಿಹರಿಸುತ್ತದೆ. ಸೆಕೆಂಡಿಗೆ ೧೦,೦೦೦ ಕಂಪನಗಳಷ್ಟು ವಿಸ್ತಾರವನ್ನು ಬಳಸಿದರೆ ತಾತ್ತ್ವಿಕವಾಗಿ ಏಳೆಂಟು ಸೆಂಟಿಮೀಟರಿನ ಪದರವೂ ಬೇರೆಯಾಗಿ ಕಾಣಬೇಕು. ತಳದ ಮೇಲ್ಮೈಗಾಗಿ ಬೇರೆ ಉಪಕರಣಗಳಿವೆ. ಅಕ್ಕಪಕ್ಕಕ್ಕೆ ಸದ್ದು ಚೆಲ್ಲುವ ಸೈಡ್‌ಸ್ಕ್ಯಾನ್ ಸೋನಾರ್ ತಳದ ಒರಟುತನವನ್ನೂ ನೆರಳನ್ನೂ ಛಾಯಾಚಿತ್ರದಂತೆ ತೋರಿಸಿದರೆ, ಇಂಟರ್‌ಫೆರೋಮೆಟ್ರಿಕ್ ಸೋನಾರ್ ಅಗಲವಾದ ಪಟ್ಟಿಯ ಆಳವನ್ನು ಒಂದೇ ಸಲಕ್ಕೆ ಅಳೆಯುತ್ತದೆ.

ಈ ಚಿತ್ರಗಳನ್ನು ಓದುವ ಬಗೆ ಹಸ್ತಪ್ರತಿಗಳ ಓದಿಗೆ ಹತ್ತಿರವಾದುದು. ಗ್ರಂಥಪಾತವಾದ ಓಲೆಯಲ್ಲಿ ಮೊದಲ ಸಾಲಿಗೂ ಮುಂದಿನ ಸಾಲಿಗೂ ಅನ್ವಯ ಕೂಡದಂತೆ, ಸವೆದುಹೋದ ಪದರಗಳ ಮೇಲೆ ಹೊಸ ಪದರ ಕೂತಲ್ಲಿ ಗೆರೆಗಳು ಓರೆಯಾಗಿ ಕತ್ತರಿಸಿಕೊಂಡಿರುತ್ತವೆ. ಪ್ರತಿಕಾರನ ಸ್ಖಾಲಿತ್ಯಗಳಂತೆ ಹುಸಿಗೆರೆಗಳೂ ಇವೆ. ಹದಿನೈದು ಮೀಟರ್ ಆಳದಲ್ಲಿ ತಳವಿದ್ದರೆ, ಸದ್ದು ನೀರಿನ ಮೇಲ್ಮೈಗೆ ಬಡಿದು ಮತ್ತೆ ಕೆಳಗಿಳಿದು ಬಂದು ಮೂವತ್ತು ಮೀಟರಿನಲ್ಲಿ ಇನ್ನೊಂದು ಪದರವಿರುವ ಭ್ರಮೆಯನ್ನು ಹುಟ್ಟಿಸುತ್ತದೆ. ತೆಳುನೀರಿನ ಸಮೀಕ್ಷೆಯಲ್ಲಿ ಇದು ತಪ್ಪದ ಪೀಡೆ. ಕೊಳೆತ ಜೈವಿಕ ವಸ್ತುವಿನಿಂದ ಹುಟ್ಟಿದ ಮೀಥೇನ್ ಗುಳ್ಳೆಗಳು ಕೆಸರಿನಲ್ಲಿ ಸಿಲುಕಿಕೊಂಡಿದ್ದರೆ ಅವುಗಳ ಕೆಳಗಿನದೆಲ್ಲ ಮಸಿ ಚೆಲ್ಲಿದಂತಾಗುತ್ತದೆ. ಭಾರತದ ಪಶ್ಚಿಮ ಕರಾವಳಿಯಾಚೆಯ ಕೆಸರುತಳದಲ್ಲಿಯೂ ಇಂಥ ಅನಿಲಯುಕ್ತ ಸಂಚಯಗಳು ಗುರುತಿಸಲ್ಪಟ್ಟಿವೆ. ಇನ್ನು, ಗೆರೆ ಹೇಳುವುದು ಕಾಲವನ್ನು ಮಾತ್ರ. ಅದನ್ನು ಆಳಕ್ಕೆ ಪರಿವರ್ತಿಸಲು ಶಬ್ದವೇಗವನ್ನು ಊಹಿಸಬೇಕು. ಮರಳಿನಲ್ಲಿ ವೇಗ ೧,೭೦೦ ಮೀಟರ್ ಇರುವಾಗ ನೀರಿನ ವೇಗವನ್ನೇ ಬಳಸಿದರೆ ೫ ಮೀಟರ್ ದಪ್ಪದ ಪದರ ೪.೪ ಮೀಟರೆಂದು ಕಾಣುತ್ತದೆ. ಪದರದಲ್ಲಿರುವುದು ಏನು, ಅದರ ವಯಸ್ಸೆಷ್ಟು ಎಂಬುದನ್ನು ಶಬ್ದ ನೇರವಾಗಿ ಹೇಳಲಾರದು. ಅದಕ್ಕಾಗಿ ಕಂಪಿಸುವ ಉದ್ದನೆಯ ಕೊಳವೆಯನ್ನು ತಳಕ್ಕಿಳಿಸಿ ಸಂಚಯದ ಮಾದರಿಯನ್ನು ಮೇಲೆತ್ತಿ, ಗೆರೆಗೂ ಮಾದರಿಗೂ ತಾಳೆ ಹಾಕಬೇಕು.

ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆ ೧೯೯೬-೯೭ರಲ್ಲಿ ಫೈರ್ ಐಲೆಂಡಿನ ಮುಂದಣ ಕಡಲತಳವನ್ನು ಹೀಗೆ ಪರಿಶೀಲಿಸಿತು. ದ್ವೀಪದ ಮಧ್ಯಭಾಗದ ವಾಚ್ ಹಿಲ್ ಎಂಬಲ್ಲಿಂದ ಪಶ್ಚಿಮಕ್ಕೆ ದಡಕ್ಕೆ ಓರೆಯಾಗಿ ಸಾಲುಗೊಂಡ ಮರಳದಿಣ್ಣೆಗಳಿರುವುದೂ, ಪೂರ್ವಕ್ಕೆ ಅಂಥ ಮರಳಿನ ಹೊದಿಕೆ ಇಲ್ಲದಿರುವುದೂ ಕಂಡುಬಂದವು. ವಾಚ್ ಹಿಲ್ಲಿನ ಎದುರು ತಳದಲ್ಲಿ ಹಳೆಯ ಪದರವೊಂದು ಮೇಲಕ್ಕೆ ಬಂದಿದೆ. ವಿಲಿಯಂ ಶ್ವಾಬ್ ಮತ್ತು ಸಂಗಡಿಗರು ೨೦೦೦ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅದನ್ನು ಕ್ರಿಟೇಷಿಯಸ್ ಯುಗದ ಪದರವೆಂದು ಓದಿದರು. ಕಡಲಮಟ್ಟ ಕೆಳಗಿದ್ದಾಗ ಅದು ಭೂಶಿರವಾಗಿ ಹೊರಚಾಚಿತ್ತೆಂದೂ, ಅದರ ಸವೆತದಿಂದ ಪಶ್ಚಿಮದ ದಿಣ್ಣೆಗಳಿಗೆ ಮರಳು ಒದಗಿತೆಂದೂ ಅವರ ನಿರ್ಣಯ.

೨೦೧೧ರಲ್ಲಿ ಸುಧಾರಿತ ಉಪಕರಣಗಳೊಡನೆ, ೮ರಿಂದ ೩೨ ಮೀಟರ್ ಆಳದ, ಸುಮಾರು ೩೩೬ ಚದರ ಕಿ.ಮೀ. ತಳದ ಸಮೀಕ್ಷೆ ಮತ್ತೆ ನಡೆಯಿತು. ೨೦೧೪ರ ಪ್ರಬಂಧದಲ್ಲಿ ಅದೇ ವಿದ್ವಾಂಸರು ಮುಳುಗಿದ ಭೂಶಿರವನ್ನು ಪ್ಲೀಸ್ಟೊಸೀನ್ ಯುಗದ ಹಿಮರಾಶಿ ಕರಗಿ ಹರಿದ ನೀರು ಹಾಸಿಹೋದ ಮರಳು-ಜಲ್ಲಿಗಳ ಅವಶೇಷವೆಂದು ವಿವರಿಸಿದರು. ಕಳೆದ ಸುಮಾರು ೮,೦೦೦ ವರ್ಷಗಳಲ್ಲಿ ಅದರ ಪೂರ್ವಪಾರ್ಶ್ವ ಸವೆದು, ಆ ಮರಳು ಪಶ್ಚಿಮಕ್ಕೆ ಸಾಗಿ ದಿಣ್ಣೆಗಳಾಯಿತು ಎಂಬ ಚೌಕಟ್ಟು ಉಳಿಯಿತು. ಪದರದ ಕಾಲನಿರ್ಣಯ ಮಾತ್ರ ಬದಲಾಯಿತು. ಹಿಂದಿನ ಪಾಠವನ್ನು ಸ್ವತಃ ಸಂಪಾದಕರೇ ತಿದ್ದಿಕೊಂಡ ಇಂಥ ಪ್ರಸಂಗ ಗ್ರಂಥಸಂಪಾದನೆಯ ಅಭ್ಯಾಸಿಗಳಿಗೆ ಹೊಸದೇನೂ ಅಲ್ಲ. ಹಿಮಯುಗದ ಈ ವಿವರಣೆಯನ್ನು ಹಿಮರಾಶಿಯನ್ನೇ ಕಾಣದ, ಮಳೆಗಾಲದ ನದಿಗಳು ಮರಳು ತರುವ ಕರ್ನಾಟಕದ ಕರಾವಳಿಗೆ ಅಂಟಿಸುವಂತಿಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು.

೧೯೯೬-೯೭ರ ಮತ್ತು ೨೦೧೧ರ ಮರಳಿನ ದಪ್ಪವನ್ನು ಹೋಲಿಸಿ, ದಿಣ್ಣೆಗಳ ಕಡೆಯಿಂದ ದಡದತ್ತ ಮರಳು ಸಾಗುತ್ತಿರುವುದಕ್ಕೆ ಭೂವೈಜ್ಞಾನಿಕ ಸಾಕ್ಷ್ಯವಿದೆಯೆಂದು ಅವರು ೨೦೧೩ರಲ್ಲಿ ಮಂಡಿಸಿದರು. ಲೆಕ್ಕದಲ್ಲಿ ಕಾಣೆಯಾಗಿದ್ದ ಮರಳಿಗೆ ಹೀಗೆ ಒಂದು ವಿಳಾಸ ಸಿಕ್ಕಿತು. ಆದರೂ ಇದನ್ನು ಎಷ್ಟರಮಟ್ಟಿಗೆ ಒಪ್ಪಬಹುದೆಂಬುದನ್ನು ಸರಳ ಗಣಿತದಿಂದ ಪರೀಕ್ಷಿಸಬಹುದು. ಒಂದು ಚದರ ಕಿ.ಮೀ. ಹರಹಿನಲ್ಲಿ ದಪ್ಪದ ಅಳತೆ ೨೦ ಸೆಂ.ಮೀ. ತಪ್ಪಿದರೆ ಆ ವ್ಯತ್ಯಾಸವೇ ೨,೦೦,೦೦೦ ಘನ ಮೀಟರ್, ಅಂದರೆ ಒಂದು ವರ್ಷದ ಕೊರತೆಯಷ್ಟು. ಇಡೀ ೩೩೬ ಚದರ ಕಿ.ಮೀ.ಗೆ ಒಂದೇ ದಿಕ್ಕಿನಲ್ಲಿ ಕೇವಲ ಒಂದು ಸೆಂಟಿಮೀಟರ್ ತಪ್ಪಿದರೂ ೩೩,೬೦,೦೦೦ ಘನ ಮೀಟರಾಗುತ್ತದೆ. ಅದು ಸುಮಾರು ೧೭ ವರ್ಷಗಳ ಕೊರತೆಗೆ ಸಮ. ಅಲ್ಲೊಂದು ಹೆಚ್ಚು, ಇಲ್ಲೊಂದು ಕಡಿಮೆಯೆಂಬ ತಪ್ಪುಗಳು ಪರಸ್ಪರ ಹೊಡೆದುಹೋಗುತ್ತವೆ. ಉಬ್ಬರದ ತಿದ್ದುಪಡಿಯಲ್ಲಿಯೋ ಶಬ್ದವೇಗದ ಊಹೆಯಲ್ಲಿಯೋ ನುಸುಳಿದ ಏಕಮುಖವಾದ ತಪ್ಪು ಹೊಡೆದುಹೋಗುವುದಿಲ್ಲ. ಆದ್ದರಿಂದ ಗಾತ್ರದ ಒಟ್ಟು ಅಂಕಿಗಿಂತ ದಿಣ್ಣೆಗಳ ಆಕಾರ, ಅವುಗಳ ನಡುವಣ ತಗ್ಗುಗಳಲ್ಲಿ ಮುಂದುವರಿದಿರುವ ಸವೆತ, ಮೇಲ್ಮೈಯ ಅಲೆಗೆರೆಗಳ ವಾಲಿಕೆ ಇವೇ ಹೆಚ್ಚು ಬಲವಾದ ಸಾಕ್ಷ್ಯಗಳು. ೨೦೧೨ರ ಚಳಿಗಾಲದಲ್ಲಿ ದಿಣ್ಣೆಗಳ ಮೇಲೆ ಪ್ರವಾಹವನ್ನೂ ಅಲೆಗಳನ್ನೂ ಅಳೆಯುವ ಉಪಕರಣಗಳನ್ನು ಇರಿಸಿ ನಡೆಸಿದ ಅಧ್ಯಯನದ ಬೆಲೆ ಇರುವುದು ಇಲ್ಲಿ: ಅದು ಶಬ್ದಚಿತ್ರವನ್ನು ಆಶ್ರಯಿಸದ ಸಾಕ್ಷಿ.

ಅದೇ ವರ್ಷದ ಅಕ್ಟೋಬರ್ ೨೯ರಂದು ಸ್ಯಾಂಡಿ ಚಂಡಮಾರುತ ಅಪ್ಪಳಿಸಿತು. ಫೈರ್ ಐಲೆಂಡಿನ ದಡ ಮತ್ತು ಮರಳಗುಡ್ಡೆಗಳು ತಮ್ಮ ಗಾತ್ರದ ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಂಡವು. ಪೂರ್ವಭಾಗದ ಸಂರಕ್ಷಿತ ವನ್ಯಪ್ರದೇಶದಲ್ಲಿ ದ್ವೀಪ ಒಡೆದು ಹೊಸ ಅಳಿವೆ ತೆರೆದುಕೊಂಡಿತು. ಅದನ್ನು ಮುಚ್ಚದೆ ನಿಸರ್ಗಕ್ಕೆ ಬಿಟ್ಟಿದ್ದರಿಂದ ಹಲವು ವರ್ಷ ಅದು ತೆರೆದೇ ಇತ್ತು. ಇತ್ತ ವಸತಿಗಳಿರುವ ದಡವನ್ನು ತುಂಬಿಸಲು ಕಡಲತಳದಿಂದ ಲಕ್ಷಗಟ್ಟಲೆ ಘನ ಮೀಟರ್ ಮರಳನ್ನು ಎತ್ತಿ ತರಲಾಯಿತು. ಬೀಜದ ಮರಳು ಯಾವುದು, ಉಣ್ಣಬಹುದಾದ ಮರಳು ಯಾವುದು ಎಂಬ ಪ್ರಶ್ನೆ ಆಗ ಪಂಡಿತರ ಚರ್ಚೆಯಾಗಿ ಮಾತ್ರ ಉಳಿಯಲಿಲ್ಲ.

೨೦೧೪ರಲ್ಲಿ ಅದೇ ತಳವನ್ನು ಮೂರನೆಯ ಬಾರಿ ಅಳೆಯಲಾಯಿತು. ಹೀಗೆ ಒಂದೇ ಸ್ಥಳದ ಮೂರು ‘ಪ್ರತಿ’ಗಳು ದೊರೆತಂತಾಯಿತಾದರೂ ಅವುಗಳ ನಡುವಣ ಅಂತರಗಳು ಸಮಾನವಲ್ಲ. ಮೊದಲಿನದು ಸುಮಾರು ೧೫ ವರ್ಷಗಳ ಸಾಧಾರಣ ಬಿರುಗಾಳಿಗಳ ಕಾಲ. ಎರಡನೆಯದು ಮೂರೇ ವರ್ಷ, ಅದರೊಳಗೆ ಸ್ಯಾಂಡಿಯಂಥ ಒಂದು ಮಹಾಮಾರುತ. ಮೊದಲನೆಯ ಅಂತರದಿಂದ ತೆಗೆದ ವಾರ್ಷಿಕ ಸರಾಸರಿಯನ್ನು ಎರಡನೆಯದಕ್ಕೆ ಆರೋಪಿಸಲು ಬರುವುದಿಲ್ಲ. ಎರಡನೆಯದರಲ್ಲಿ ಕಂಡ ಬದಲಾವಣೆಯನ್ನು ಮೂರರಿಂದ ಭಾಗಿಸಿ ವರ್ಷದ ಲೆಕ್ಕ ಹೇಳುವುದೂ ಅಷ್ಟೇ ಅಸಂಗತ.