ಸಣ್ಣ ಗಾಡಿ ಕೊಟ್ಟು ದೊಡ್ಡ ಗಾಡಿ ತರುವ ಮುನ್ನ



ಕಮಲಾಪುರದಿಂದ ಕಲಬುರಗಿಯ ನೆಹರು ಗಂಜಿಗೆ ಸುಮಾರು 35 ಕಿಲೋಮೀಟರು ದಾರಿ. ಹಿರಿಯರ ಕಾಲದಲ್ಲಿ ಮಾಲು ಸಾಗಿಸಲು ಎತ್ತಿನ ಬಂಡಿಯೇ ಗತಿಯಾಗಿತ್ತು. 2005ರಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂದ ಮೇಲೆ ಮುಕ್ಕಾಲು ಟನ್ನು ಹೊರುವ ಸಣ್ಣ ಗಾಡಿ ಹಳ್ಳಿಯವರ ಕೈಗೆ ಎಟುಕಿತು. ಜನ ಅದನ್ನು 'ಛೋಟಾ ಹಾಥಿ' ಎಂದು ಕರೆದರು. ಈಗ ಅಂಥ ಗಾಡಿ ಇದ್ದವರಲ್ಲಿ ಅನೇಕರು ಅದನ್ನು ಕೊಟ್ಟು ಒಂದೂವರೆ ಟನ್ನಿನ ಪಿಕಪ್ ತರುವ ವಿಚಾರದಲ್ಲಿದ್ದಾರೆ. ವಿಚಾರ ತಪ್ಪಲ್ಲ. ಆದರೆ ಲೆಕ್ಕ ಹಾಕದೆ ತಂದ ಗಾಡಿ ಮನೆಗೆ ಸಾಲವನ್ನೂ ಹೇರಿಕೊಂಡು ಬರುತ್ತದೆ. ಆದ್ದರಿಂದ ಈ ಪಾಠವನ್ನು ಓದಿ, ಮನೆಯವರೊಡನೆ ಕುಳಿತು ನಿಮ್ಮದೇ ಲೆಕ್ಕ ಮಾಡಿರಿ.

1. ನಿಮ್ಮ ಹೊರೆ ಯಾವುದು?

ತೊಗರಿ ಭಾರದ ಮಾಲು. ಗಾಡಿಯ ತೊಟ್ಟಿ ತುಂಬುವ ಮೊದಲೇ ಅದರ ತೂಕದ ಮಿತಿ ಮುಗಿಯುತ್ತದೆ. ಬಾಳೆಗೊನೆ ಹಾಗಲ್ಲ. ಅದು ಜಾಗ ತಿನ್ನುವ ಮಾಲು. ತೂಕದ ಮಿತಿ ಮುಟ್ಟುವ ಮೊದಲೇ ತೊಟ್ಟಿ ತುಂಬಿ ಹೋಗುತ್ತದೆ. ಗೊನೆಗಳ ಮೇಲೆ ಗೊನೆ ಒಟ್ಟಿದರೆ ಕೆಳಗಿನ ಕಾಯಿ ಜಜ್ಜಿ ಕಪ್ಪಾಗುತ್ತದೆ. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ನಮ್ಮ ಕಮಲಾಪುರದ ಕೆಂಪು ಬಾಳೆಗೆ ಒಳ್ಳೆಯ ದರ ಸಿಗುವುದು ಕಾಯಿ ಚೆನ್ನಾಗಿದ್ದಾಗ ಮಾತ್ರ. ಆದ್ದರಿಂದ ತೊಗರಿಯವರು ಗಾಡಿ ಹೊರುವ ತೂಕವನ್ನು ನೋಡತಕ್ಕದ್ದು. ಬಾಳೆ, ತರಕಾರಿಯವರು ತೊಟ್ಟಿಯ ಉದ್ದಗಲವನ್ನು ನೋಡತಕ್ಕದ್ದು. ಗಾಡಿ ತೋರಿಸುವವನು ಇಂಜಿನ್ನಿನ ಬಲವನ್ನೇ ಹೊಗಳುತ್ತಾನೆ. ನೀವು ನಿಮ್ಮ ಮಾಲಿನ ಅಳತೆಯನ್ನು ಕೇಳಿರಿ.

2. ಒಂದು ಸಲದ ಲೆಕ್ಕ

ಉದಾಹರಣೆಗಾಗಿ ಕೆಲವು ಅಂಕೆಗಳನ್ನು ಹಿಡಿಯೋಣ. ನಿಮ್ಮ ಅಂಕೆ ಬೇರೆ ಇದ್ದರೆ ಅವನ್ನೇ ಹಾಕಿಕೊಳ್ಳಿರಿ. ಹೋಗಿ ಬರಲು 70 ಕಿಲೋಮೀಟರು. ಡೀಸೆಲ್ ಲೀಟರಿಗೆ 90 ರೂಪಾಯಿ.

ಸಣ್ಣ ಗಾಡಿ 7 ಕ್ವಿಂಟಲ್ ಹೊರುತ್ತದೆ, 4 ಲೀಟರ್ ಕುಡಿಯುತ್ತದೆ. ಖರ್ಚು 360 ರೂಪಾಯಿ. ಕ್ವಿಂಟಲಿಗೆ ಸುಮಾರು 51 ರೂಪಾಯಿ ಬಿತ್ತು.

ದೊಡ್ಡ ಗಾಡಿ 14 ಕ್ವಿಂಟಲ್ ಹೊರುತ್ತದೆ, 5.6 ಲೀಟರ್ ಕುಡಿಯುತ್ತದೆ. ಖರ್ಚು 504 ರೂಪಾಯಿ. ಕ್ವಿಂಟಲಿಗೆ 36 ರೂಪಾಯಿ ಬಿತ್ತು.

ಇಲ್ಲಿಗೆ ದೊಡ್ಡ ಗಾಡಿಯೇ ಗೆದ್ದಿತು. ಆದರೆ ಅದೇ ದೊಡ್ಡ ಗಾಡಿಯಲ್ಲಿ 7 ಕ್ವಿಂಟಲ್ ಮಾತ್ರ ಹೇರಿದಿರಿ ಎನ್ನಿ. ಆಗ ಕ್ವಿಂಟಲಿಗೆ 72 ರೂಪಾಯಿ ಆಗುತ್ತದೆ. ಸುಮಾರು 10 ಕ್ವಿಂಟಲಿಗಿಂತ ಕಡಿಮೆ ಹೇರಿದ ದಿನ ದೊಡ್ಡ ಗಾಡಿ ಸಣ್ಣದಕ್ಕಿಂತ ದುಬಾರಿ. ಕಳೆದ ವರ್ಷ ನೀವು ಎಷ್ಟು ಸಲ 10 ಕ್ವಿಂಟಲ್ ಮೀರಿದ ಮಾಲು ಸಾಗಿಸಿದಿರಿ? ಗಂಜಿನ ತೂಕದ ಚೀಟಿಗಳನ್ನು ಇಟ್ಟಿದ್ದರೆ ಉತ್ತರ ಅವುಗಳಲ್ಲೇ ಇದೆ.

3. ಕಂತಿನ ಲೆಕ್ಕ

ಹಳೆಯ ಗಾಡಿ ಮಾರಿ ಬಂದ ಹಣ ಕಳೆದು ಇನ್ನೂ 5 ಲಕ್ಷ ರೂಪಾಯಿ ಸಾಲ ಬೇಕಾಯಿತು ಎನ್ನೋಣ. ಶೇಕಡಾ 10ರ ಬಡ್ಡಿಯಲ್ಲಿ 5 ವರ್ಷಕ್ಕೆ ತಿಂಗಳಿಗೆ ಸುಮಾರು 10,600 ರೂಪಾಯಿ ಕಂತು. ಒಟ್ಟು ಕಟ್ಟುವುದು ಸುಮಾರು 6,37,000, ಬಡ್ಡಿಯೇ 1,37,000.

ದೊಡ್ಡ ಗಾಡಿಯಿಂದ ಉಳಿಯುವುದೆಷ್ಟು? 14 ಕ್ವಿಂಟಲನ್ನು ಸಣ್ಣ ಗಾಡಿಯಲ್ಲಿ ಎರಡು ಸಲ ಸಾಗಿಸಿದರೆ ಡೀಸೆಲಿಗೆ 720 ರೂಪಾಯಿ. ದೊಡ್ಡದರಲ್ಲಿ ಒಂದೇ ಸಲಕ್ಕೆ 504. ಉಳಿತಾಯ 216. ಚಾಲಕನ ಅರ್ಧ ದಿನದ ಕೂಲಿ 300 ಎಂದು ಕೂಡಿಸಿದರೆ 516 ರೂಪಾಯಿ. ಈ ಉಳಿತಾಯದಿಂದಲೇ ಕಂತು ತೀರಬೇಕಾದರೆ ಪ್ರತಿ ತಿಂಗಳೂ 21 ಸಲ ತುಂಬಿದ ಗಾಡಿ ಹೋಗಬೇಕು.

20 ಎಕರೆಯಲ್ಲಿ ಎಕರೆಗೆ 5 ಕ್ವಿಂಟಲಿನಂತೆ ತೊಗರಿ ಬಂದರೆ ಇಡೀ ವರ್ಷದ ಮಾಲು 100 ಕ್ವಿಂಟಲ್. ಅದನ್ನು ಸಾಗಿಸಲು ದೊಡ್ಡ ಗಾಡಿಗೆ ಎಂಟು ಸಲ ಸಾಕು. ರಾಶಿಯ ಕಾಲ ಎರಡು ಮೂರು ತಿಂಗಳು. ಕಂತಿಗೆ ಮಾತ್ರ ಹನ್ನೆರಡು ತಿಂಗಳು. ಅಂದರೆ ಸ್ವಂತ ತೊಗರಿ ಒಂದನ್ನೇ ನಂಬಿ ದೊಡ್ಡ ಗಾಡಿ ತರತಕ್ಕದ್ದಲ್ಲ. ವರ್ಷವಿಡೀ ತರಕಾರಿ, ಬಾಳೆ, ಗೊಬ್ಬರ, ಸಿಮೆಂಟು ಮುಂತಾದ ಬಾಡಿಗೆ ಕೆಲಸ ಖಚಿತವಾಗಿದ್ದರೆ ಲೆಕ್ಕ ಬೇರೆಯಾಗುತ್ತದೆ. ಆಗ ತಿಂಗಳ ಬಾಡಿಗೆಯಲ್ಲಿ ಡೀಸೆಲ್, ಚಾಲಕನ ಸಂಬಳ, ಟೈರು, ರಿಪೇರಿ, ವಿಮೆ, ತೆರಿಗೆ ಇವನ್ನು ಕಳೆದು ಉಳಿದದ್ದು ಕಂತಿಗಿಂತ ಹೆಚ್ಚಿದೆಯೇ ನೋಡಿರಿ. ಇಲ್ಲದಿದ್ದರೆ ಸಣ್ಣ ಗಾಡಿಯನ್ನೇ ಇಟ್ಟುಕೊಂಡು, ಸುಗ್ಗಿಯಲ್ಲಿ ನಾಲ್ಕು ಮನೆಯವರು ಕೂಡಿ ದೊಡ್ಡ ಗಾಡಿ ಬಾಡಿಗೆಗೆ ಹಿಡಿಯುವುದು ಜಾಣತನ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಗಾಡಿಗೂ ಸಲ್ಲುತ್ತದೆ.

4. ದಾರಿಯ ವಿಚಾರ

ಹೆದ್ದಾರಿಯ ಮೇಲೆ ಎಲ್ಲ ಗಾಡಿಗಳೂ ಚೆನ್ನಾಗಿಯೇ ಓಡುತ್ತವೆ. ಪರೀಕ್ಷೆ ಇರುವುದು ಹೊಲದಿಂದ ಡಾಂಬರಿನವರೆಗಿನ ದಾರಿಯಲ್ಲಿ. ಮಳೆ ಬಿದ್ದ ಎರೆಭೂಮಿಯಲ್ಲಿ ಭಾರದ ಗಾಡಿ ಹೂತರೆ ಟ್ರ್ಯಾಕ್ಟರು ತಂದೇ ಎಳೆಯಬೇಕು. ಉದ್ದ ತೊಟ್ಟಿಯ ಗಾಡಿ ಊರೊಳಗಿನ ಸಂದಿಯಲ್ಲಿ ತಿರುಗದೆ ನಿಲ್ಲಬಹುದು. ಕೊಳ್ಳುವ ಮುನ್ನ ಅಂಥದೇ ಗಾಡಿಯೊಂದನ್ನು ಒಂದು ದಿನ ಬಾಡಿಗೆಗೆ ತಂದು, ನಿಮ್ಮ ಮಾಲು ಹೇರಿ, ನಿಮ್ಮ ಹೊಲದಿಂದ ಗಂಜಿನವರೆಗೆ ಓಡಿಸಿ ನೋಡಿರಿ.

5. ಕಾಯ್ದೆ ಏನು ಹೇಳುತ್ತದೆ?

ಗಾಡಿಯ ತೂಕ ಮತ್ತು ಹೊರೆ ಸೇರಿ ಒಟ್ಟು 3,000 ಕಿಲೋ ಮೀರದ ಸರಕು ಗಾಡಿಗೆ ಪರ್ಮಿಟ್ ಬೇಡ. ಮೀರಿದರೆ ಬೇಕು. ಪಿಕಪ್‌ಗಳಲ್ಲಿ ಎರಡೂ ಬಗೆಯವು ಇರುವುದರಿಂದ ಒಟ್ಟು ತೂಕ ಎಷ್ಟೆಂದು ಮೊದಲೇ ಕೇಳಿ ತಿಳಿಯಿರಿ. ಲೈಸೆನ್ಸಿನ ವಿಷಯದಲ್ಲಿ, ಲಘು ಮೋಟಾರು ವಾಹನದ ಲೈಸೆನ್ಸ್ ಇದ್ದವರು ಒಟ್ಟು 7,500 ಕಿಲೋ ಮೀರದ ಸರಕು ಗಾಡಿ ಓಡಿಸಬಹುದೆಂದು ಸರ್ವೋಚ್ಚ ನ್ಯಾಯಾಲಯ 2024ರ ನವೆಂಬರಿನಲ್ಲಿ ತೀರ್ಪು ಕೊಟ್ಟಿದೆ.

ದೊಡ್ಡ ಗಾಡಿಯಲ್ಲವೇ ಎಂದು ಮಿತಿ ಮೀರಿ ಹೇರಬೇಡಿರಿ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯು ಹೆಚ್ಚಿನ ಹೊರೆಗೆ 20,000 ರೂಪಾಯಿ, ಅದರ ಮೇಲೆ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ದಂಡ ಹೇಳಿದೆ. ದಂಡಕ್ಕಿಂತ ದೊಡ್ಡ ಮಾತೆಂದರೆ, ಹೊರೆ ಹೆಚ್ಚಾದ ಗಾಡಿ ಬ್ರೇಕು ಹಾಕಿದ ಕಡೆ ನಿಲ್ಲುವುದಿಲ್ಲ.

ಜಾತ್ರೆಗೆ, ಲಗ್ನಕ್ಕೆ, ಕೂಲಿ ಕೆಲಸಕ್ಕೆ ಜನರನ್ನು ಹಿಂದೆ ತುಂಬುವುದಂತೂ ಕೂಡದು. ಮಾಲಿನ ಒಡೆಯ ಅಥವಾ ಅವನ ಪರವಾಗಿ ಬಂದವನಿಗೆ ವಿಮೆಯ ರಕ್ಷಣೆ ಉಂಟು. ಸುಮ್ಮನೆ ಹತ್ತಿದ ಪ್ರಯಾಣಿಕರಿಗೆ ಅದು ಇಲ್ಲ. ಅನಾಹುತವಾದರೆ ಅವರ ಮನೆಯೂ ಮುಳುಗುತ್ತದೆ, ನಿಮ್ಮ ಹೊಲವೂ ಹೋಗುತ್ತದೆ.

6. ಹಳೆಯ ಗಾಡಿ ಕೊಡುವಾಗ

ಇಲ್ಲಿಯೇ ಹಲವರು ಮೋಸ ಹೋಗುವುದು. ಹೊಸ ಗಾಡಿಯ ಅಂಗಡಿಯವನು ಹಳೆಯದಕ್ಕೆ ಹೇಳಿದ ಬೆಲೆಯನ್ನೇ ಕೊನೆಯದೆಂದು ತಿಳಿಯಬೇಡಿರಿ. ಹೊರಗೆ ಇಬ್ಬರು ಮೂವರನ್ನು ಕೇಳಿರಿ. 2025ರ ಸೆಪ್ಟೆಂಬರ್ 22ರಿಂದ ಹೊಸ ಸರಕು ಗಾಡಿಗಳ ಮೇಲಿನ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಹೊಸದರ ಬೆಲೆ ಇಳಿದಾಗ ಹಳೆಯದರ ಬೆಲೆಯೂ ಇಳಿಯುವುದು ಸಹಜ. ಆದ್ದರಿಂದ ಹಳೆಯದರ ಬೆಲೆಯನ್ನೂ ಹೊಸದರ ರಿಯಾಯಿತಿಯನ್ನೂ ಬೇರೆ ಬೇರೆಯಾಗಿ ಬರೆಯಿಸಿಕೊಳ್ಳಿರಿ. ಎರಡನ್ನೂ ಕಲಸಿ ಹೇಳಿದರೆ ಒಂದರಲ್ಲಿ ಕೊಟ್ಟದ್ದನ್ನು ಇನ್ನೊಂದರಲ್ಲಿ ಕಿತ್ತುಕೊಳ್ಳುವುದು ಸುಲಭ.

ಹಳೆಯ ಸಾಲ ತೀರಿದ್ದರೆ ಸಾಲ ಕೊಟ್ಟವರಿಂದ ನಿರಾಕ್ಷೇಪಣಾ ಪತ್ರವನ್ನೂ 35ನೆಯ ನಮೂನೆಯನ್ನೂ ಪಡೆಯಿರಿ. ಮಾರಾಟಕ್ಕೆ 29 ಮತ್ತು 30ನೆಯ ನಮೂನೆಗಳು ಬೇಕು. ರಾಜ್ಯದೊಳಗೆ ಮಾರಿದವನು 14 ದಿನಗಳೊಳಗೆ ಪ್ರಾದೇಶಿಕ ಸಾರಿಗೆ ಕಚೇರಿಗೆ ತಿಳಿಸಬೇಕು. ಗಾಡಿ ಯಾರ ಹೆಸರಿನಲ್ಲಿ ದಾಖಲಾಗಿದೆಯೋ ಅಪಘಾತದ ಪರಿಹಾರಕ್ಕೆ ಅವನೇ ಹೊಣೆ ಎಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಹೇಳಿದೆ. ಬರಿಯ ಬಾಂಡ್ ಕಾಗದದ ಮೇಲೆ ರುಜು ಹಾಕಿ ಬೀಗದ ಕೈ ಕೊಟ್ಟು ಬಂದರೆ, ಮೂರನೆಯವನು ಮಾಡಿದ ಅಪಘಾತದ ನೋಟೀಸು ನಿಮ್ಮ ಬಾಗಿಲಿಗೆ ಬರುತ್ತದೆ.

ಇನ್ನೊಂದು ಮಾತು. ವಿಮೆಯಲ್ಲಿ ಕ್ಲೇಮು ಮಾಡದೆ ಗಳಿಸಿದ ರಿಯಾಯಿತಿ ಗಾಡಿಯದಲ್ಲ, ಒಡೆಯನದು. ಅದರ ಪತ್ರ ಪಡೆದು ಹೊಸ ಗಾಡಿಯ ವಿಮೆಯಲ್ಲಿ ಬಳಸಿಕೊಳ್ಳಿರಿ.

ಮನೆಯಲ್ಲಿಯೂ ಊರ ಕಟ್ಟೆಯಲ್ಲಿಯೂ ಚರ್ಚಿಸಲು ಪ್ರಶ್ನೆಗಳು

1. ಕಳೆದ ವರ್ಷ ನಮ್ಮ ಗಾಡಿ ಎಷ್ಟು ಸಲ ತುಂಬಿ ಹೋಯಿತು, ಎಷ್ಟು ಸಲ ಅರ್ಧ ಖಾಲಿ ಹೋಯಿತು?

2. ರಾಶಿ ಮುಗಿದ ಮೇಲಿನ ತಿಂಗಳುಗಳಲ್ಲಿ ಕಂತು ಎಲ್ಲಿಂದ ಬರುತ್ತದೆ?

3. ಒಂದು ವರ್ಷ ಮಳೆ ಕೈಕೊಟ್ಟರೆ ಗಾಡಿ ಉಳಿಯುತ್ತದೆಯೇ?

4. ನಮ್ಮ ಓಣಿಯಲ್ಲಿ ಯಾರು ಯಾರು ಕೂಡಿ ಒಂದು ದೊಡ್ಡ ಗಾಡಿಯನ್ನು ಬಾಡಿಗೆಗೆ ಹಿಡಿಯಬಹುದು?

ಈ ನಾಲ್ಕಕ್ಕೂ ಧೈರ್ಯದ ಉತ್ತರ ಸಿಕ್ಕಿದವರು ಸಂತೋಷವಾಗಿ ದೊಡ್ಡ ಗಾಡಿ ತರಲಿ. ಸಿಗದವರು ಇರುವ ಗಾಡಿಯ ಎಣ್ಣೆ ಬದಲಿಸಿ, ಟೈರು ನೋಡಿಸಿ, ಇನ್ನೊಂದು ಸುಗ್ಗಿ ಕಾಯಲಿ.