ಹಳೆಯ ಕಿಸೆಗಡಿಯಾರವನ್ನು ಬಿಚ್ಚಿ ಸರಿಪಡಿಸುವ ಕ್ರಮ

ನಮ್ಮ ಜಿಲ್ಲೆಯ ಹಳೆಯ ಮನೆಗಳಲ್ಲಿ, ಅದರಲ್ಲಿಯೂ ಚಿಕ್ಕಜಾಜೂರು, ಹೊಸದುರ್ಗ ರೋಡ್ ಮೊದಲಾದ ನಿಲ್ದಾಣಗಳಲ್ಲಿ ದುಡಿದ ರೈಲ್ವೆ ನೌಕರರ ಮನೆಗಳಲ್ಲಿ, ಸರಪಣಿ ಸಹಿತವಾದ ಕಿಸೆಗಡಿಯಾರವೊಂದು ಪೆಟ್ಟಿಗೆಯ ತಳದಲ್ಲಿ ನಿಂತುಹೋಗಿ ಬಿದ್ದಿರಬಹುದು. ಕೆಟ್ಟಿದೆಯೆಂದು ಮನೆಯವರು ಹೇಳುವರು. ಆದರೆ ನಿಂತ ಗಡಿಯಾರವೆಲ್ಲ ಕೆಟ್ಟ ಗಡಿಯಾರವಲ್ಲ. ಒಳಗಿನ ಎಣ್ಣೆ ಒಣಗಿ ಅಂಟಾಗಿ, ಬಯಲುಸೀಮೆಯ ನುಣ್ಣನೆಯ ಧೂಳು ಅದರಲ್ಲಿ ಕುಳಿತು ಚಕ್ರಗಳನ್ನು ಹಿಡಿದಿರುವುದೇ ಹೆಚ್ಚು. ಅದನ್ನು ನಿಜವಾಗಿ ಕೆಡಿಸುವುದು ಬಿಚ್ಚುವವನ ಆತುರ.

ಕೆಡಿಸಿದ ಮೇಲೆ ಉಪಾಯವೂ ಕಡಿಮೆ. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಕಾರದಿಂದ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಸತೊಡಗಿದ ಎಚ್.ಎಂ.ಟಿ.ಯ ಗಡಿಯಾರ ಸಂಸ್ಥೆಯನ್ನೇ ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿತು. ಹೀಗಿರಲು ನೂರು ವರ್ಷದ ಸ್ವಿಸ್ ಗಡಿಯಾರದ ಒಂದು ಅಚ್ಚು ಮುರಿದರೆ ಅಂಥದೇ ಇನ್ನೊಂದನ್ನು ಯಾವ ಅಂಗಡಿಯಲ್ಲಿ ಕೇಳುವುದು?

ಬಿಚ್ಚುವ ಮೊದಲು ಯಂತ್ರದ ಲೆಕ್ಕವನ್ನು ತಿಳಿಯತಕ್ಕದ್ದು. ಡಬ್ಬಿಯಲ್ಲಿ ಸುತ್ತಿಟ್ಟ ಮುಖ್ಯ ಸ್ಪ್ರಿಂಗು ಬಿಚ್ಚಿಕೊಳ್ಳಲು ಯತ್ನಿಸಿ ಚಕ್ರಗಳನ್ನು ತಳ್ಳುತ್ತದೆ. ಆ ಬಲವನ್ನು ತಡೆತಡೆದು ಬಿಡುವುದು ಕೊನೆಯ ಎಸ್ಕೇಪ್ ಚಕ್ರ, ಲೀವರು ಮತ್ತು ಬ್ಯಾಲೆನ್ಸ್ ಚಕ್ರಗಳ ಕೆಲಸ. ಸಾಮಾನ್ಯವಾದ ಹಳೆಯ ಗಡಿಯಾರದಲ್ಲಿ ಗಂಟೆಗೆ 18,000 ಬಡಿತ, ಎಂದರೆ ಸೆಕೆಂಡಿಗೆ 5. ಎಸ್ಕೇಪ್ ಚಕ್ರಕ್ಕೆ 15 ಹಲ್ಲು. ಒಂದೊಂದು ಹಲ್ಲಿಗೆ ಎರಡು ಬಡಿತದಂತೆ ಒಂದು ಸುತ್ತಿಗೆ 30. ಆದುದರಿಂದ ಸೆಕೆಂಡಿನ ಮುಳ್ಳು ಒಮ್ಮೆ ಸುತ್ತುವಷ್ಟರಲ್ಲಿ ಅದು ಹತ್ತು ಸುತ್ತು ತಿರುಗಿರಬೇಕು. ದಿನಕ್ಕೆ ಬಡಿತ 4,32,000. ಅದರಲ್ಲಿ ಬರಿಯ 300 ತಪ್ಪಿದರೂ ಒಂದು ನಿಮಿಷದ ವ್ಯತ್ಯಾಸ! ಅಜ್ಜನ ಗಡಿಯಾರ ದಿನಕ್ಕೆ ಒಂದು ನಿಮಿಷ ಹಿಂದೆ ಬೀಳುವುದೆಂದು ನಗುವವರು ಈ ಲೆಕ್ಕವನ್ನು ನೋಡಬೇಕು.

ಈಗ ಹಿಂಬದಿಯ ಮುಚ್ಚಳವನ್ನು ತೆರೆಯಿರಿ. ಏನನ್ನು ಬಿಚ್ಚುವ ಮುನ್ನವೂ ಸ್ಪ್ರಿಂಗಿನ ಬಲವನ್ನು ಇಳಿಸಲೇಬೇಕು. ಕೀ ಕೊಡುವ ಗುಂಡಿಯನ್ನು ಎರಡು ಬೆರಳುಗಳಿಂದ ಬಿಗಿಯಾಗಿ ಹಿಡಿದು, ತಡೆಹಲ್ಲನ್ನು ಸೂಜಿಯ ಮೊನೆಯಿಂದ ಸರಿಸಿ, ಗುಂಡಿ ಬೆರಳುಗಳ ನಡುವೆ ಮೆಲ್ಲಮೆಲ್ಲನೆ ಹಿಂದಕ್ಕೆ ತಿರುಗಲು ಬಿಡುವುದು. ಇದನ್ನು ಮರೆತು ಲೀವರನ್ನು ತೆಗೆದರೆ ಚಕ್ರಗಳೆಲ್ಲ ಒಮ್ಮೆಲೇ ಗಿರ್ರನೆ ತಿರುಗಿ, ಕೂದಲಿನಷ್ಟು ಸಣ್ಣ ಅಚ್ಚುಗಳು ಮುರಿಯುವ ಸಂಭವವುಂಟು.

ಬಳಿಕ ಬ್ಯಾಲೆನ್ಸ್ ಚಕ್ರವನ್ನು ಹೇರ್‌ಸ್ಪ್ರಿಂಗು ಎಳೆಯದಂತೆ ಎತ್ತಿಡಬೇಕು. ಆಮೇಲೆ ಮುಳ್ಳು, ಡಯಲು, ಲೀವರು, ಚಕ್ರಗಳು, ಕೊನೆಗೆ ಸ್ಪ್ರಿಂಗಿನ ಡಬ್ಬಿ. ಬಿಳಿಯ ಕಾಗದದ ಮೇಲೆ ಬಿಚ್ಚಿದ ಕ್ರಮದಲ್ಲಿಯೇ ಜೋಡಿಸಿದರೆ ಮರುಜೋಡಣೆ ಅರ್ಧ ಮುಗಿದಂತೆ. ಕತ್ತಲಲ್ಲಿ ಹೊಳೆಯಲೆಂದು ಬಣ್ಣ ಬಳಿದ ಹಳೆಯ ಡಯಲನ್ನು ಮಾತ್ರ ಕೆರೆಯಕೂಡದು. ಆ ಬಣ್ಣದಲ್ಲಿ ರೇಡಿಯಂ ಇರಬಹುದು, ಅದರ ಪುಡಿ ಉಸಿರಿನೊಳಗೆ ಹೋದರೆ ಅಪಾಯ.

ತೊಳೆಯಲು ಶುದ್ಧವಾದ ಪೆಟ್ರೋಲು ಸಾಕು. ಬಳಿಯಲ್ಲಿ ಬೆಂಕಿ ಇರಬಾರದು. ಲೀವರನ್ನು ಸ್ಪಿರಿಟ್ಟಿನಲ್ಲಿ ನೆನೆಹಾಕುವುದು ತಪ್ಪು. ಅದರ ಮಾಣಿಕ್ಯದ ಹರಳುಗಳನ್ನು ಅರಗಿನಿಂದ ಅಂಟಿಸಿರುತ್ತಾರೆ. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಅಚ್ಚು ಕೂರುವ ರಂಧ್ರಗಳನ್ನು ಚೂಪಾಗಿ ಹೆರೆದ ಕಡ್ಡಿಯಿಂದ, ಕಡ್ಡಿಯ ತುದಿ ಕಪ್ಪಾಗದಿರುವವರೆಗೆ, ಒರೆಸುತ್ತಿರಬೇಕು. ಬೇಸರದ ಕೆಲಸವೇ ನಿಜ. ಆದರೆ ಗಡಿಯಾರ ನಡೆಯುವುದೂ ನಿಲ್ಲುವುದೂ ಇಲ್ಲಿಯೇ ತೀರ್ಮಾನವಾಗುವುದು.

ಇನ್ನು ಎಣ್ಣೆಯ ವಿಚಾರ. ನಮ್ಮ ಚಳ್ಳಕೆರೆ ಎಣ್ಣೆಗೆ ಎಷ್ಟೇ ಹೆಸರಾಗಿರಲಿ, ಅಲ್ಲಿಯ ಕಡಲೆಕಾಯಿ ಎಣ್ಣೆಯ ಒಂದು ತೊಟ್ಟೂ ಇದಕ್ಕೆ ಸಲ್ಲದು. ಕೊಬ್ಬರಿ ಎಣ್ಣೆಯೂ ಅಷ್ಟೆ. ಗಾಳಿ ತಗಲಿ ಕಾಲಕ್ರಮದಲ್ಲಿ ಅವು ಜಿಗುಟಾಗುತ್ತವೆ. ಧೂಳು ಬೆರೆತರೆ ಅಚ್ಚನ್ನೇ ತೇಯುತ್ತವೆ. ಗಡಿಯಾರದ ಎಣ್ಣೆಯನ್ನೇ ತಂದು, ಸೂಜಿಯ ತುದಿಯಲ್ಲಿ ನಿಲ್ಲುವಷ್ಟನ್ನು ರಂಧ್ರಕ್ಕೆ ಮುಟ್ಟಿಸಬೇಕು. ಹೇರ್‌ಸ್ಪ್ರಿಂಗಿಗೆ ಎಣ್ಣೆ ಸೋಕಲೇಬಾರದು. ಸೋಕಿದರೆ ಸುರುಳಿಗಳು ಒಂದಕ್ಕೊಂದು ಅಂಟಿ ಗಡಿಯಾರ ವಿಪರೀತ ಮುಂದೆ ಓಡುವುದು.

ಮರುಜೋಡಿಸಿದ ಮೇಲೆ ರೇಡಿಯೋ ಸಮಯಕ್ಕೆ ಹೊಂದಿಸಿ, ಪ್ರತಿದಿನ ಒಂದೇ ವೇಳೆಗೆ ಕೀ ಕೊಟ್ಟು ವ್ಯತ್ಯಾಸವನ್ನು ಬರೆದಿಡಿ. ಸ್ವಿಸ್ ಗಡಿಯಾರಗಳಲ್ಲಿ ಬ್ಯಾಲೆನ್ಸಿನ ಮೇಲಿನ ಸಣ್ಣ ಕಡ್ಡಿಯನ್ನು ‘ಎ’ ಅಕ್ಷರದ ಕಡೆ ಸರಿಸಿದರೆ ವೇಗ ಹೆಚ್ಚುತ್ತದೆ, ‘ಆರ್’ ಕಡೆ ಸರಿಸಿದರೆ ಕುಗ್ಗುತ್ತದೆ. ಮೇಜಿನ ಮೇಲೆ ಮಲಗಿಸಿ ಮಾತ್ರ ಪರೀಕ್ಷಿಸಿದರೆ ಸಾಲದು. ಮಲಗಿದಾಗ ಬ್ಯಾಲೆನ್ಸಿನ ಅಚ್ಚು ತುದಿಯ ಮೇಲೆ ನಿಲ್ಲುತ್ತದೆ, ನೇತಾಡುವಾಗ ಪಕ್ಕಕ್ಕೆ ಒರಗಿ ಉಜ್ಜುತ್ತದೆ. ವೇಗ ಎರಡೂ ಕಡೆ ಒಂದೇ ಆಗಿರುವುದಿಲ್ಲ. ಕಿಸೆಯಲ್ಲಿ ಅದು ನಿಂತೇ ಇರುವುದರಿಂದ, ಗೋಡೆಯ ಮೊಳೆಗೆ ಸರಪಣಿಯಿಂದ ತೂಗುಹಾಕಿ ಒಂದು ವಾರ ನೋಡುವುದೊಳ್ಳೆಯದು.